ಸಂಜೆಯ ರಾಗ ಕಲಿಯದ ಹೊಳೆಯಪ್ಪ

ಹೊಳೆಯಪ್ಪ ತೀರಿಕೊಂಡ. ಕಳೆದ ಬುಧವಾರ ಮಧ್ಯಾಹ್ನ, ವಿದ್ಯಾನಗರದ ದೊಡ್ಡ ದವಾಖಾನೆಯಲ್ಲಿ, ಕಾಮಾಲೆಯಿಂದ. ವಯಸ್ಸು ಮೂವತ್ತೈದರ ಆಚೀಚೆ. ಹೆಂಡತಿ ಕಸ್ತೂರೆವ್ವ ಹತ್ತಿರ ಇದ್ದಳು. ಮಕ್ಕಳಿಲ್ಲ.

ಮಣ್ಣಿಗೆ ಬಂದವರಲ್ಲಿ ಅರ್ಧ ಜನ ರೈಲ್ವೆ ವರ್ಕ್‌ಶಾಪಿನವರು, ಉಳಿದವರು ಸಂಗೀತದ ಹುಚ್ಚಿನವರು. ವರ್ಕ್‌ಶಾಪಿನವರಿಗೆ ಅವನು ರೈಲು ಡಬ್ಬಿಗಳಿಗೆ ಬಣ್ಣ ಹೊಡೆಯುವ ಪೇಂಟರ್. ಮಾತು ಕಡಿಮೆ, ಕೆಲಸ ಛಲೋ. ಸಂಗೀತದವರಿಗೆ ಅವನು ಬಹಳ ವರ್ಷ ಸೊಕ್ಕಿನ ಮನುಷ್ಯ, ಆಮೇಲೆ ಅರ್ಥವಾಗದ ಮನುಷ್ಯ. ಮಣ್ಣು ಕೊಟ್ಟು ಕೈಕಾಲು ತೊಳೆದುಕೊಳ್ಳುವಾಗ ಇಬ್ಬರು ಹಿರಿಯರು ನಳದ ಹತ್ತಿರವೇ ಹಳೆಯ ವಾದ ತೆಗೆದರು. ನಾಲ್ಕು ವರ್ಷದ ಹಿಂದೆ ಊರಿನ ಸಂಗೀತೋತ್ಸವದಲ್ಲಿ ಅವನು ಹಾಡಿದ್ದು ಸಂಜೆಯ ಭೂಪ ರಾಗವೋ ಮುಂಜಾನೆಯ ದೇಶಕಾರವೋ ಎಂಬ ವಾದ. ಯಾರೂ ಅವರನ್ನು ಗದರಿಸಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬರ ತಲೆಯಲ್ಲೂ ಅದೇ ಕೂತಿತ್ತು. ಕೇಳೋಣವೆಂದರೆ ಈಗ ಅವನಿಲ್ಲ. ಇದ್ದಾಗ ಕೇಳಿದವರಿಗೂ ಅವನು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಅವನಿಗೇ ಗೊತ್ತಿರಲಿಲ್ಲ ಎಂದೇ ನಂಬಬೇಕಾಗಿದೆ.

ಅವನು ಹುಟ್ಟಿದ್ದು ಉಪ್ಪಿನಬೆಟಗೇರಿಯಲ್ಲಿ. ತಂದೆ ಹುಬ್ಬಳ್ಳಿಗೆ ಬಂದು ವರ್ಕ್‌ಶಾಪಿನಲ್ಲಿ ಕೂಲಿಗೆ ನಿಂತ. ಮಗನಿಗೆ ಮೀಸೆ ಮೂಡುವ ಹೊತ್ತಿಗೆ ಅವನನ್ನೂ ಅಲ್ಲಿಯೇ ಸೇರಿಸಿದ. ಆ ವಯಸ್ಸಿನಲ್ಲಿ ಹೊಳೆಯಪ್ಪನಿಗೆ ನಾಟಕದ ಚಟ ಹತ್ತಿತು. ಆಗ ಊರಿನಲ್ಲಿ ತಳವೂರಿದ್ದ ಒಂದು ನಾಟಕ ಕಂಪನಿಗೆ ಮಕಬೂಲಸಾಬರು ಪೆಟಿಗೆ ಮಾಸ್ತರರು. ಕಾಲಿನಿಂದ ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ ಮುಂದೆ ಕೂತು ನಟರ ಹಾಡಿಗೆಲ್ಲ ಅವರು ಸಾಥ್ ಕೊಡುತ್ತಿದ್ದರು. ಪಾತ್ರಧಾರಿ ಸ್ವರ ತಪ್ಪಿದರೆ ಪೆಟಿಗೆಯೇ ಅವನ ಕಿವಿ ಹಿಂಡಿ ದಾರಿಗೆ ತರುತ್ತಿತ್ತು. ಹೊಳೆಯಪ್ಪ ನಟರನ್ನು ನೋಡುವುದು ಬಿಟ್ಟು ಪೆಟಿಗೆಯ ಕಡೆ ಕಿವಿ ಕೊಡತೊಡಗಿದ. ಒಂದು ದಿನ ಆಟ ಮುಗಿದ ಮೇಲೆ ಮಾಸ್ತರರ ಹಿಂದೆ ನಡೆದು ಹಳೇ ಹುಬ್ಬಳ್ಳಿಯ ಅವರ ಮನೆಯ ಕಟ್ಟೆಯ ತನಕ ಹೋದ. ಅವರು ತಿರುಗಿ ನೋಡಿ, ಯಾರ ಮಗ, ಏನು ಬೇಕು ಎಂದು ಕೇಳಿದರು. ಹಾಡು ಬೇಕು ಎಂದ. ಅವರು ಒಳಗೆ ಕರೆದು ಕೂರಿಸಿಕೊಂಡರು.

ಆಟ ಮುಗಿಯುವುದು ಬೆಳಕು ಹರಿಯುವ ಮುಂಚೆ. ವರ್ಕ್‌ಶಾಪಿನ ಭೋಂಗಾ ಕೂಗುವುದು ಬಿಸಿಲು ಬಿದ್ದ ಮೇಲೆ. ನಡುವೆ ಇದ್ದ ಹೊತ್ತೇ ಪಾಠದ ಹೊತ್ತು. ಗುರುವಿಗೆ ಅದು ದಿನದ ಕೊನೆ, ಶಿಷ್ಯನಿಗೆ ದಿನದ ಮೊದಲು. ಮಕಬೂಲಸಾಬರು ಮುಖ ತೊಳೆದು, ನಮಾಜು ಮುಗಿಸಿ, ತಂಬೂರಿ ಅವನ ಕೈಗೆ ಕೊಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿ ಹೇಳಿಕೊಡುತ್ತಿದ್ದರು. ಆ ಹೊತ್ತಿಗೆ ಯಾವ ರಾಗ ಸಲ್ಲುತ್ತದೋ ಅದನ್ನೇ. ಮೊದಲು ಭೈರವ. ಆಮೇಲೆ ರಾಮಕಲಿ, ಲಲಿತ, ತೋಡಿ, ದೇಶಕಾರ. ಒಂದೊಂದಕ್ಕೆ ವರ್ಷಗಟ್ಟಲೆ. ಸಂಜೆಯ ರಾಗವನ್ನು ಮುಂಜಾನೆ ಬಾಯಿಗೆ ತರುವುದು ಅವರ ದೃಷ್ಟಿಯಲ್ಲಿ ಉಂಡ ಎಲೆಯಲ್ಲಿ ಮತ್ತೆ ಬಡಿಸಿದಷ್ಟೇ ಹೊಲಸು ಕೆಲಸ. ಸಂಜೆ ಅವರು ಕಂಪನಿಯಲ್ಲಿ. ಆದಿತ್ಯವಾರ ಎರಡೆರಡು ಆಟ. ಹೀಗೆ ಹತ್ತು ವರ್ಷ ಕಳೆಯಿತು. ಹೊಳೆಯಪ್ಪನ ಕೊರಳು ತಯಾರಾಯಿತು. ಅವನ ತೋಡಿ ಕೇಳಲು ಆ ಓಣಿಯ ಹಾಲು ಮಾರುವವರು ಸೈಕಲ್ ನಿಲ್ಲಿಸಿಕೊಂಡು ನಿಲ್ಲುತ್ತಿದ್ದರು. ಆದರೆ ಬೇರೆ ಗುರುಗಳು ಮಕ್ಕಳಿಗೆ ಮೊಟ್ಟಮೊದಲು ಕಲಿಸುವ ಯಮನವಾಗಲಿ ಭೂಪವಾಗಲಿ ಅವನಿಗೆ ಪಾಠವಾಗಿರಲಿಲ್ಲ.

ಬೇರೆಯವರ ಹತ್ತಿರ ಹೋಗಿ ಒಂದು ಸಂಜೆಯ ರಾಗ ಕಲಿಯಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಮಕಬೂಲಸಾಬರು ಅವನ ಮುಂಗೈಗೆ ಕೆಂಪು ದಾರ ಕಟ್ಟಿದ್ದರು. ಬಾಯಿಗೆ ಬೆಲ್ಲ ಪುಠಾಣಿ ಹಾಕಿ ಶಿಷ್ಯನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡಿದ್ದರು. ಗಂಡಾ, ಅಂದರೆ ಶಿಷ್ಯತ್ವದ ಆ ದಾರ, ಕಟ್ಟಿಸಿಕೊಂಡವನು ಇನ್ನೊಬ್ಬರ ಬಾಯಿಂದ ರಾಗ ತೆಗೆದುಕೊಳ್ಳುವ ಹಾಗಿಲ್ಲ. ಕೇಳಬಹುದು, ತಲೆದೂಗಬಹುದು, ಕೊರಳಿಗೆ ಇಳಿಸಿಕೊಳ್ಳುವ ಹಾಗಿಲ್ಲ. ರೇಡಿಯೋದಲ್ಲಿ ಸಂಜೆಯ ಹಾಡು ಬಂದರೆ ಹೊಳೆಯಪ್ಪ ಕೈಕಟ್ಟಿಕೊಂಡು ಕೇಳುತ್ತಿದ್ದ. ಕೂಡಿ ಗುನುಗುತ್ತಿರಲಿಲ್ಲ.

ಅವನಿಗೆ ಇದ್ದ ಆಸೆ ಒಂದೇ. ಊರಿನ ಸಂಘದವರು ಸಂಕ್ರಾಂತಿ ದಾಟಿದ ಮೇಲೆ ಎರಡು ದಿನ ಸಂಗೀತೋತ್ಸವ ಮಾಡುತ್ತಿದ್ದರು, ಒಂದು ಶಾಲೆಯ ಬಯಲಿನಲ್ಲಿ ಮಂಟಪ ಹಾಕಿ. ಪುಣೆ, ಮಿರಜ್, ಕೊಲ್ಲಾಪುರದಿಂದ ದೊಡ್ಡವರು ಬರುತ್ತಿದ್ದರು. ಅಲ್ಲಿ ತನ್ನ ಊರಿನವರ ಮುಂದೆ ಒಮ್ಮೆ ಕೂತು ಹಾಡಬೇಕು, ಉಸ್ತಾದರು ಮುಂದೆ ಕೂತು ಕೇಳಬೇಕು. ಬೇರೆ ಏನೂ ಅವನು ಬಯಸಿದ್ದನ್ನು ಯಾರೂ ಕಂಡಿಲ್ಲ.

ಉತ್ಸವದ ಕಾರ್ಯದರ್ಶಿ ಉಡಚಪ್ಪ ಮಾಸ್ತರರು, ಹೈಸ್ಕೂಲಿನಲ್ಲಿ ಭೂಗೋಳ ಹೇಳುವವರು. ಹೊಸಬರನ್ನು ಹುಡುಕಿ ವೇದಿಕೆಗೆ ಹತ್ತಿಸುವುದು ಅವರ ಉಮೇದು. ಐವತ್ತೆಂಟನೆಯ ಇಸವಿಯಲ್ಲಿ ಅವರೇ ವರ್ಕ್‌ಶಾಪಿನ ಗೇಟಿಗೆ ಬಂದು ನಿಂತರು. ಹೊಳೆಯಪ್ಪ ಟರ್ಪೆಂಟೈನಿನ ವಾಸನೆಯ ಕೈಗಳನ್ನು ಒರೆಸಿಕೊಳ್ಳುತ್ತ ಹೊರಬಂದ.

"ಈ ಸಲ ನಿನ್ನ ಹೆಸರ ಹಾಕೇನಿ ನೋಡಪಾ. ಶನಿವಾರ ಸಂಜಿ, ಆರಕ್ಕ."

"ಮುಂಜಾನಿ ಕೊಡ್ರಿ ಮಾಸ್ತರ್ರ."

"ಮುಂಜಾನಿ ಪುಣೇದವರು ಹಾಡತಾರೋ ಮಾರಾಯಾ."

"ಹಂಗಾರ ಈ ವರ್ಷ ಬ್ಯಾಡ ಬಿಡ್ರಿ."

ಉತ್ಸವದಲ್ಲಿ ಹೊಸಬರಿಗೆ ಸಂಜೆ ಆರು ಗಂಟೆ. ಜನ ಇನ್ನೂ ಜಾಗ ಹಿಡಿಯುತ್ತಿರುತ್ತಾರೆ, ಧ್ವನಿವರ್ಧಕದವನು ಇನ್ನೂ ಹಲೋ ಹಲೋ ಅನ್ನುತ್ತಿರುತ್ತಾನೆ. ಬೆಳಗಿನ ಜಾವ ಅಂದರೆ ಎಲ್ಲರಿಗಿಂತ ದೊಡ್ಡವರ ಹೊತ್ತು. ಅದನ್ನು ಒಬ್ಬ ಪೇಂಟರ್ ಕೇಳಿದನೆಂಬ ಸುದ್ದಿ ಸಂಘದಲ್ಲಿ ನಗೆಗೆ ವಸ್ತುವಾಯಿತು. ಹಣ್ಣುಕಾಯಿ ತೆಗೆದುಕೊಂಡು ಬಾಜಾಬಜಂತ್ರಿಯ ಜೊತೆ ಕರೆಯಲು ಹೋಗೋಣವೇ ಎಂದು ಒಬ್ಬರು ಕೇಳಿದರು. 'ಮುಂಜಾನಿ ಖಾನಸಾಹೇಬ' ಎಂದು ಹೆಸರಿಟ್ಟರು. ಅದು ಅವನ ಕಿವಿಗೂ ಬಿತ್ತು. ಮುಂದಿನ ವರ್ಷ ಮಾಸ್ತರರು ಮತ್ತೆ ಕೇಳಿದರು; ಅವನು ಮತ್ತೆ ಅದೇ ಉತ್ತರ ಕೊಟ್ಟ. ಅದರ ಮುಂದಿನ ವರ್ಷ ಅವರು ಬರಲಿಲ್ಲ.

ಕಾರಣ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಕಸ್ತೂರೆವ್ವ ಅದನ್ನೇ ಹೇಳುತ್ತಿದ್ದಳು.

"ಓಣ್ಯಾಗಿನ ಹುಡುಗೂರಿಗೆ ಬರೂ ಭೂಪ ನಿಮಗ ಬರೂದಿಲ್ಲಂದ್ರ ಯಾರ ನಂಬತಾರ್ರಿ?"

"ಬರೂದಿಲ್ಲ ಅಂತಲ್ಲ. ಕೊಟ್ಟಿಲ್ಲ."

"ಕೊಟ್ಟಿಲ್ಲಂತನ ಹೇಳ್ರಿ."

"ಹೇಳಿದ್ರ ಉಸ್ತಾದ್ರ ಮರ್ಯಾದಿ ಏನ ಉಳೀತತಿ? ಹತ್ತ ವರ್ಷ ಕೂರಿಸಿ ಒಂದ ಸಂಜಿ ರಾಗ ಕಲಿಸಿಲ್ಲ ಅಂತಾರ."

ಗುರುವಿನ ಹೆಸರಿಗೆ ಕುಂದು ಬರುವುದಕ್ಕಿಂತ ತನಗೆ ಸೊಕ್ಕಿನವನೆಂಬ ಹೆಸರು ಬಂದರೆ ಅಡ್ಡಿಯಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ಗುರುಗಳನ್ನೇ ನೇರವಾಗಿ ಕೇಳುವುದೂ ಅವನಿಂದಾಗಲಿಲ್ಲ. ಕೇಳಿ ತೆಗೆದುಕೊಳ್ಳುವ ವಸ್ತು ಅದಲ್ಲ, ಅವರಿಗೆ ಕೊಡಬೇಕೆನಿಸಿದಾಗ ಬರುತ್ತದೆ ಎಂದು ಕಾದ.

ಅರವತ್ತೊಂದರಲ್ಲಿ ಕಂಪನಿ ಮುಚ್ಚಿತು. ಜನ ಸಿನಿಮಾದ ಕಡೆ ತಿರುಗಿದ್ದರು. ಮಾಲೀಕರು ಪರದೆ, ಪೆಟ್ಟಿಗೆ ಎಲ್ಲ ಕಟ್ಟಿ ಊರು ಬಿಟ್ಟರು. ಮಕಬೂಲಸಾಬರು ಮನೆಯಲ್ಲಿ ಉಳಿದರು. ಹೊಳೆಯಪ್ಪನಿಗೆ ದುಃಖವಾಯಿತು. ದುಃಖದ ಅಡಿಯಲ್ಲಿ ಸಣ್ಣದೊಂದು ಸಂತೋಷವೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು. ಇನ್ನು ಅವರಿಗೆ ಸಂಜೆ ಬಿಡುವು. ಕೆಲಸ ಬಿಟ್ಟವನೇ ಕೈತೊಳೆದು, ಅಂಗಿ ಬದಲಿಸಿ, ದೀಪ ಹಚ್ಚುವ ಹೊತ್ತಿಗೆ ಅವರ ಮನೆಗೆ ಹೋದ. ಉಸ್ತಾದರು ಹೊರಸಿನ ಮೇಲೆ ಕೂತಿದ್ದರು. ಯಾಕೆ ಬಂದೆ ಎಂದರು. ಸಂಜೆ ಬಿಡುವಾಗಿರುತ್ತೀರಲ್ಲ ಎಂದು ಬಂದೆ ಎಂದ. ಅವರು, "ಮುಂಜಾನಿ ಬಾ" ಎಂದರು.

ಇದು ಅವನಿಗೆ ಬಗೆಹರಿಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅವರ ಹೆಂಡತಿ ತಾಜಬಿ, ಸಂಜೆಯಾದರೆ ಅವರ ಕಾಲು ಪೆಟಿಗೆಯ ಪಾವಡಿ ಹುಡುಕುತ್ತದೆ, ಆ ಹೊತ್ತಿಗೆ ಯಾರ ಜೊತೆಯೂ ಮಾತಾಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ ಎಂದಳು. ಇರಬಹುದು. ಇನ್ನೂ ತನ್ನ ಯೋಗ್ಯತೆ ಸಾಲದು ಎಂದು ಅವರು ತಿಳಿದಿರಬಹುದು. ಒಂದು ಸಲ ಬಣ್ಣ ಬಳಿಯುತ್ತಿರುವಾಗ ಅವನಿಗೆ ಇನ್ನೊಂದು ಯೋಚನೆ ಬಂದು ಕುಂಚ ಕೈಯಲ್ಲೇ ನಿಂತಿತು. ಉಸ್ತಾದರ ಉಸ್ತಾದರೂ ಮಿರಜಿನ ಕಡೆಯ ನಾಟಕದವರೇ. ಅವರೂ ಮುಂಜಾನೆಯೇ ಕಲಿಸಿದ್ದರೆ? ನಾಟಕದ ಪದಗಳ ಧಾಟಿ ಬೇರೆ, ಗುರುಮುಖದ ಪಾಠ ಬೇರೆ. ಕೊಡಲು ಇವರ ಹತ್ತಿರವೂ ಇಲ್ಲದೇ ಇದ್ದರೆ? ಆ ಯೋಚನೆಯನ್ನು ಅವನು ಅಲ್ಲೇ ಬಿಟ್ಟ. ಅದನ್ನು ಯೋಚಿಸಿದ್ದೇ ಪಾಪ ಎನ್ನುವವನ ಹಾಗೆ ಬಹಳ ಕಾಲದ ಮೇಲೆ ಒಮ್ಮೆ ಮಾತ್ರ ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿದ್ದ.

ಅರವತ್ತಮೂರರ ಚಳಿಗಾಲದಲ್ಲಿ ಗಂಟು ಬಿಚ್ಚಿದವಳು ಕಸ್ತೂರೆವ್ವ. ಸಂತೆಯಲ್ಲಿ ಉಡಚಪ್ಪ ಮಾಸ್ತರರು ಎದುರಾದರು. ನಿಮ್ಮ ಖಾನಸಾಹೇಬರು ಹೇಗಿದ್ದಾರೆ ಎಂದು ಚಾಷ್ಟಿ ಮಾಡಿದರು. ಅವಳು ಕಾಯಿಪಲ್ಯೆಯ ಚೀಲ ಕೆಳಗಿಟ್ಟು, "ಸೊಕ್ಕಲ್ರಿ ಅದು. ಅವರಿಗೆ ಸಂಜೀದು ಕಲಿಸಿಲ್ರಿ. ನಾ ಹೇಳೇನಂತ ಹೇಳಬ್ಯಾಡ್ರಿ" ಎಂದಳು. ಮಾಸ್ತರರು ಅಲ್ಲಿಯೇ ನಾಚಿಕೆಯಿಂದ ಕೆಂಪಾದರು. ಮರುದಿನ ಸಂಘದಲ್ಲಿ ಕೂತು, ಈ ವರ್ಷ ಆದಿತ್ಯವಾರ ಮುಂಜಾನೆ ಊರಿನವರಿಗಾಗಿಯೇ ಒಂದು ಬೈಠಕ್ ಎಂದು ಹಟ ಹಿಡಿದು ಒಪ್ಪಿಸಿದರು. ಕಾರಣ ಯಾರಿಗೂ ಹೇಳಲಿಲ್ಲ. ಹೊಳೆಯಪ್ಪನಿಗೆ ಸುದ್ದಿ ಮುಟ್ಟಿಸಿದಾಗ ಅವನು ತೋಡಿ ಹಾಡುವುದೆಂದು ನಿಶ್ಚಯಿಸಿದ.

ಅದೂ ಕೈಗೂಡಲಿಲ್ಲ. ಶನಿವಾರ ಹಾಡಬೇಕಾಗಿದ್ದ ಪುಣೆಯವರ ಗಾಡಿ ದಾರಿಯಲ್ಲಿ ನಿಂತಿತು. ಮುಂದೆ ಮಾಲಗಾಡಿಯೊಂದು ಹಳಿ ತಪ್ಪಿತ್ತು. ಅವರು ಬಂದು ಮುಟ್ಟುವುದು ಆದಿತ್ಯವಾರ ಬೆಳಿಗ್ಗೆ, ಮಧ್ಯಾಹ್ನದ ಗಾಡಿಗೆ ಹೊರಡಲೇಬೇಕು. ಮುಂಜಾನೆ ಅವರಿಗೆ ಬಿಡದೆ ಗತಿಯಿಲ್ಲ. ಶನಿವಾರ ಸಂಜೆ ಖಾಲಿ ಬಿತ್ತು. ಮಾಸ್ತರರು ಸೈಕಲ್ ತುಳಿದುಕೊಂಡು ಹೊಳೆಯಪ್ಪನ ಮನೆಗೆ ಬಂದು, ಸಂಜೆಯೇ ಹಾಡುತ್ತೀಯಾ ಎಂದು ಕೇಳಿದರು. ಆಗುವುದಿಲ್ಲವೆಂದರೆ ಯಾರೂ ಏನೂ ಅನ್ನುವುದಿಲ್ಲ ಎಂದು ಅವರೇ ಹೇಳಿದರು.

ಹೊಳೆಯಪ್ಪ ಆಗುವುದಿಲ್ಲವೆಂದೇ ಹೇಳಲು ಮಂಟಪಕ್ಕೆ ಹೋದ. ಅಲ್ಲಿ ನೋಡಿದರೆ ಮಕಬೂಲಸಾಬರು ಮುಂದಿನ ಜಮಖಾನೆಯ ಮೇಲೆ ಕೂತಿದ್ದಾರೆ. ಶಿಷ್ಯ ಇವತ್ತೇ ಹಾಡುತ್ತಾನೆ ಎಂದು ಯಾರೋ ಟಾಂಗಾದಲ್ಲಿ ಕರೆತಂದಿದ್ದರು. ಇಸ್ತ್ರಿಯ ಶೇರವಾನಿ, ಕಣ್ಣಿಗೆ ಸುರುಮ. ಅವನು ಅವರ ಮುಂದೆ ನಿಂತು ಹಾಡಲೋ ಬೇಡವೋ ಎಂದು ಕಣ್ಣಲ್ಲೇ ಕೇಳಿದ. ಅವರು ಹೆಗಲಿನ ಶಾಲು ಸರಿಮಾಡಿಕೊಂಡರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರು ಬೇಡವೆಂದಿದ್ದರೆ ಅವನು ಹಗುರಾಗಿ ಮನೆಗೆ ಬರುತ್ತಿದ್ದ. ಬೇಡವೆನ್ನಲಿಲ್ಲ ಎಂಬುದೊಂದನ್ನೇ ಹಿಡಿದುಕೊಂಡು ಹೋಗಿ ಕೂತ.

ತಬಲಾದ ಗೌಸಮೊದ್ದೀನರು ಬಾಗಿ, ಏನು ಹಾಡುತ್ತೀರಿ ಎಂದರು. "ಐದ ಸ್ವರದ್ದು" ಎಂದ. ಮಾಸ್ತರರಿಗೆ ಇಷ್ಟೇ ಕೇಳಿಸಿತು. ಸಂಜೆಗೆ ಐದು ಸ್ವರವೆಂದರೆ ಮತ್ತೇನು ಎಂದು, ರಾಗ ಭೂಪ ಎಂದು ಸಾರಿಬಿಟ್ಟರು.

ಅವನು ಮಾಡಿದ ಯೋಚನೆ ಇದು. ದೇಶಕಾರಕ್ಕೂ ಭೂಪಕ್ಕೂ ಅವೇ ಐದು ಸ್ವರ. ದೇಶಕಾರ ಮುಂಜಾನೆಯದು, ಮೇಲೆ ಹತ್ತಿ ಧೈವತದಲ್ಲಿ ಮನೆ ಮಾಡುತ್ತದೆ. ಭೂಪ ಸಂಜೆಯದು, ಕೆಳಗೆ ಗಾಂಧಾರದಲ್ಲಿ ಕೂರುತ್ತದೆ. ಗುರು ಕೊಟ್ಟ ಸ್ವರಗಳನ್ನೇ ಹಿಡಿದು ಗಾಂಧಾರದಲ್ಲಿ ಕೂತರೆ ಕದ್ದ ಹಾಗೂ ಆಗಲಿಲ್ಲ, ಹೊತ್ತು ಕೆಡಿಸಿದ ಹಾಗೂ ಆಗಲಿಲ್ಲ. ಆದರೆ ಕೊರಳು ಮಾತು ಕೇಳಲಿಲ್ಲ. ಹದಿನೈದು ವರ್ಷದ ರೂಢಿ ಅದನ್ನು ಧೈವತಕ್ಕೆ ಎಳೆಯಿತು. ಅವನು ಕೆಳಗೆ ಜಗ್ಗಿದ. ಗಾಂಧಾರಕ್ಕೆ ಬಂದದ್ದು ಅಲ್ಲಿ ನಿಲ್ಲಲಿಲ್ಲ, ಮತ್ತೆ ಎದ್ದು ದಾರಿಯಲ್ಲಿ, ಎರಡರ ನಡುವಿನ ಪಂಚಮದ ಮೇಲೆ ತೂಗಿತು. ಎರಡೂ ಮನೆಯ ಬಾಗಿಲು ತಟ್ಟಿ ಯಾವುದರ ಒಳಗೂ ಹೋಗದೆ ಅಂಗಳದಲ್ಲಿ ನಿಂತವರ ಹಾಗೆ. ಜಾಗಕ್ಕಾಗಿ ಗದ್ದಲ ಮಾಡುತ್ತಿದ್ದವರು ನಿಂತಲ್ಲೇ ಕೂತರು. ಚಹಾದವನು ಸ್ಟೋವಿನ ಗಾಳಿ ಬಿಟ್ಟು ಸದ್ದು ಅಡಗಿಸಿದ. ಅಷ್ಟು ದೊಡ್ಡ ಬಯಲಿನಲ್ಲಿ ತಂಬೂರಿಯ ತಂತಿ ಬೇರೆ ಬೇರೆಯಾಗಿ ಕೇಳುತ್ತಿತ್ತು.

ಮುಗಿದ ಮೇಲೆ ಚಪ್ಪಾಳೆ ತಡವಾಗಿ ಬಂತು. ಆಮೇಲೆ ಜಗಳ ಬಂತು. ಒಬ್ಬರು, ಇದು ಭೂಪವಲ್ಲ, ಸಂಜೆ ದೇಶಕಾರ ಹಾಡಿ ಮಂಟಪ ಮೈಲಿಗೆ ಮಾಡಿದ ಎಂದರು. ಇನ್ನೊಬ್ಬರು, ಭೂಪವೇ, ತಾಲೀಮು ಸಾಲದು ಎಂದರು. "ಏನರೆ ಇರ್ಲಿ, ನನ್ನ ಚಹಾ ಕೈಯಾಗ ಆರಿತು" ಎಂದರು ಉಡಚಪ್ಪ ಮಾಸ್ತರರು. ಹೊಳೆಯಪ್ಪ ಯಾರ ಮಾತಿಗೂ ನಿಲ್ಲದೆ ಜಮಖಾನೆಯ ಕಡೆ ಓಡಿದ. ಉಸ್ತಾದರು ಆಗಲೇ ಟಾಂಗಾ ಹತ್ತಿ ಹೋಗಿದ್ದರು.

ಮರುದಿನ ಬೆಳಗಿನ ಜಾವ ಎಂದಿನಂತೆ ಹೋದ. ಬಾಗಿಲು ತೆರೆದಿತ್ತು. ಉಸ್ತಾದರು ತಂಬೂರಿ ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದರು.

"ನಿನ್ನೆ ಹಾಡಿದ್ದು ನಾ ಕೊಟ್ಟಿದ್ದಲ್ಲ" ಎಂದರು. "ಎಲ್ಲಿಂದ ಬಂತು ನಿನಗ?"

"ಗೊತ್ತಿಲ್ರಿ ಉಸ್ತಾದ್ರ."

"ಹಾಡು ಇನ್ನೊಮ್ಮಿ."

ಹಾಡಿದ. ಹೊತ್ತು ಮುಂಜಾನೆಯದು, ಕೊರಳು ಧೈವತಕ್ಕೆ ಹೋಗಿ ಸುಖವಾಗಿ ಕೂತಿತು. ಶುದ್ಧ ದೇಶಕಾರ. ಅವರು ತಲೆ ಅಲ್ಲಾಡಿಸಿದರು. ಸಂಜೆ ಬಾ ಎಂದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಸಂಜೆ ಬಾ ಎಂದರು. ಸಂಜೆ ಹಾಡಿದರೆ ಗಾಂಧಾರಕ್ಕೆ ಇಳಿದು ನಿಂತುಬಿಟ್ಟಿತು. ಓಣಿಯ ಹುಡುಗರು ಹಾಡುವ ಭೂಪ. ಇದೂ ಅಲ್ಲ ಎಂದರು. ಅಲ್ಲಿಂದ ಮುಂದೆ ಅವನು ಎರಡೂ ಹೊತ್ತು ಹೋಗತೊಡಗಿದ. ಒಮ್ಮೆ ಅವರು ತಾವೇ ಪೆಟಿಗೆಯ ಮೇಲೆ ಹುಡುಕಿದರು, ಸಿಗಲಿಲ್ಲ. ಒಮ್ಮೆ ಸಿಟ್ಟಾದರು, ಒಮ್ಮೆ ನಕ್ಕರು. ಹೊಸ ರಾಗ ಕಲಿಸಲಿಲ್ಲ. ತಪ್ಪು ಮಾಡಿದೆ ಎಂದೂ ಹೇಳಲಿಲ್ಲ, ಶಾಭಾಸ್ ಎಂದೂ ಹೇಳಲಿಲ್ಲ. 'ಎಲ್ಲಿಂದ ಬಂತು ನಿನಗ' ಎಂದದ್ದು ಕಳ್ಳನನ್ನು ಕೇಳಿದ ಹಾಗೋ, ಮಗನನ್ನು ಕೇಳಿದ ಹಾಗೋ, ಹೊಳೆಯಪ್ಪನಿಗೆ ತಿಳಿಯಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಳ್ಳುತ್ತಿದ್ದ. ಅರವತ್ತೈದರ ಮಳೆಗಾಲದಲ್ಲಿ ಮಕಬೂಲಸಾಬರು ದಮ್ಮಿನಿಂದ ತೀರಿಕೊಂಡರು.

ಆ ಮೇಲೆ ಎರಡು ಉತ್ಸವಗಳು ಆದವು. ಮಾಸ್ತರರು ಎರಡಕ್ಕೂ ಕರೆದರು. ಈಗ ಹೊತ್ತು ನಿನಗೆ ಬೇಕಾದ್ದು ಎಂದರು. ಮುಂಜಾನೆ ಕೊಟ್ಟರೂ ಅವನು ಬರಲಿಲ್ಲ. ಯಾಕೆಂದು ಕೇಳಿದರೆ, ಹೇಳುವವರು ಹೋದರು ಎನ್ನುತ್ತಿದ್ದ. ಅಪ್ಪಣೆ ಇತ್ತೋ ಇಲ್ಲವೋ ಗೊತ್ತಾಗದೆ ಒಮ್ಮೆ ಹಾಡಿದ್ದಾಯಿತು, ಎರಡನೆಯ ಸಲ ಹೇಗೆ ಎನ್ನುತ್ತಿದ್ದ. ಕೆಲವರಿಗೆ ಅದು ಮತ್ತೆ ಸೊಕ್ಕಾಗಿ ಕಂಡಿತು. ಮನೆಯಲ್ಲಿ ಮುಂಜಾನೆ ತಂಬೂರಿ ನುಡಿಸುತ್ತಿದ್ದ, ಸಂಜೆಯೂ ನುಡಿಸುತ್ತಿದ್ದ. ಬಾಯಿ ತೆರೆಯುತ್ತಿರಲಿಲ್ಲ ಎಂದು ಕಸ್ತೂರೆವ್ವ ಹೇಳುತ್ತಾಳೆ.

ಈ ಚಳಿಗಾಲದ ಆರಂಭದಲ್ಲಿ ಅವನ ಕಣ್ಣುಗಳು ಹಳದಿಯಾದವು. ನಾಟಿ ಔಷಧಿಯಲ್ಲಿ ಸ್ವಲ್ಪ ದಿನ ಹೋಯಿತು, ದವಾಖಾನೆಗೆ ಸೇರಿಸುವಾಗ ತಡವಾಗಿತ್ತು. ಅವನು ತೀರಿಕೊಂಡ ಬುಧವಾರವೇ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಉಡಚಪ್ಪ ಮಾಸ್ತರರು ಮೂಸಂಬಿ ಹಿಡಿದು ನೋಡಲು ಬಂದರು. ಏನು ಮಾತಾಡಬೇಕೆಂದು ತೋಚದೆ ಉತ್ಸವದ ಮಾತು ತೆಗೆದರು. ಈ ಸಲ ಗುಣವಾಗಿ ಬಂದು ಹಾಡಬೇಕು, ಯಾವ ಹೊತ್ತು ಬರೆಯಲಿ ಹೇಳು ಎಂದರು. ಬೇಡವೆನ್ನುತ್ತಾನೆ ಎಂದು ಅವರಿಗೆ ಖಾತ್ರಿಯಿತ್ತು.

ಹೊಳೆಯಪ್ಪ ಅವರ ಕಡೆ ಮುಖ ತಿರುಗಿಸಿದ.

"ಸಂಜಿ ಹಾಕ್ರಿ" ಎಂದ.

"ರಾಗ ಯಾವುದಂತ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ ಮಾಸ್ತರ್ರ. ಹಾಡತೀನಿ."

ಕಸ್ತೂರೆವ್ವ ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸಿದಳು. ಒಂದು ಗುಟುಕು ನೀರು ಕುಡಿದ. ಮೆಲ್ಲಗೆ ಷಡ್ಜ ಹಚ್ಚಿದ. ಧ್ವನಿ ಒಡೆದಿತ್ತು, ನರ್ಸಬಾಯಿ ಬಂದು ಬೇರೆ ರೋಗಿಗಳಿದ್ದಾರೆ, ಸುಮ್ಮನಿರಿ ಎಂದಳು. ಅವನು ಅವಳಿಗೆ ಕೈಮುಗಿದು ಬಾಯಿ ಮುಚ್ಚಿಕೊಂಡ. ಮುಚ್ಚಿದ ಬಾಯಿಯಲ್ಲೇ ಮುಂದುವರಿಸಿದ. ಮಾಸ್ತರರು ಬಾಗಿ ಕಿವಿ ಹತ್ತಿರ ಹಿಡಿದರು. ಗಾಂಧಾರ ಮುಟ್ಟಿತು, ಅದನ್ನು ಬಿಟ್ಟು ಏರಿತು, ಧೈವತವನ್ನು ಸವರಿ ತಿರುಗಿತು. ಅಂದು ಮಂಟಪದಲ್ಲಿ ತೂಗಿದ ಪಂಚಮಕ್ಕೇ ಬಂದು ಅಲ್ಲೇ ಉದ್ದಕ್ಕೆ ಹಿಡಿದ.